ಬೆಂಕಿ ಆರಿಸುವವರಿಗೊಂದು ಸಂಘ ಬೇಡವೆ?



ಏಪ್ರಿಲ್ 14 ಅಂದರೆ ನಮಗೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದಿನ ರಾತ್ರಿಯೇ ಹಾಸ್ಟೆಲಿನ ಹುಡುಗರು ನಿದ್ದೆಗೆಟ್ಟು ನೀಲಿ ಕಾಗದ ಕತ್ತರಿಸಿ ದಾರಕ್ಕೆ ಅಂಟಿಸುತ್ತಾರೆ. ಬೆಳಿಗ್ಗೆ ಬಾಬಾಸಾಹೇಬರ ಪಟಕ್ಕೆ ಹಾರ, ಮಧ್ಯಾಹ್ನ ಪಾಯಸ, ಸಂಜೆ ತಮಟೆ, ಮೆರವಣಿಗೆ. ಅದೇ ದಿನ ಬೆಳಿಗ್ಗೆ ತುಮಕೂರಿನಲ್ಲಿ, ಗುಬ್ಬಿಯಲ್ಲಿ, ಕುಣಿಗಲ್‌ನಲ್ಲಿ ಖಾಕಿ ಹಾಕಿದ ಒಂದಷ್ಟು ಜನ ಸಾಲಾಗಿ ನಿಂತು, ಸತ್ತ ತಮ್ಮವರನ್ನು ನೆನೆದು ತಲೆ ತಗ್ಗಿಸುತ್ತಾರೆ. ಅವರು ಅಗ್ನಿಶಾಮಕ ಠಾಣೆಯವರು. ಇಷ್ಟು ವರ್ಷ ಮೆರವಣಿಗೆ ಮಾಡಿದ ನಾವು ಒಮ್ಮೆಯೂ ಅತ್ತ ತಿರುಗಿ ನೋಡಲಿಲ್ಲ. ಇದು ನಮ್ಮ ತಪ್ಪು. ಮೊದಲು ಒಪ್ಪಿಕೊಂಡು ಮುಂದೆ ಮಾತಾಡೋಣ.

1944ರ ಏಪ್ರಿಲ್ 14. ಬೊಂಬಾಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟೈಕಿನ್ ಅನ್ನುವ ಹಡಗು ನಿಂತಿತ್ತು. ಹೊಟ್ಟೆಯಲ್ಲಿ ಹತ್ತಿ ಬೇಲು, ಅದರ ಜೊತೆಗೇ ಯುದ್ಧಕ್ಕೆ ತಂದ ಸಿಡಿಮದ್ದು. ಹತ್ತಿಗೂ ಮದ್ದಿಗೂ ಒಂದೇ ಮನೆ ಕಟ್ಟಿಕೊಟ್ಟವರು ಯಾರೋ, ಅದರೊಳಗೆ ಹೋಗಿ ನೀರು ಬಿಟ್ಟವರು ಯಾರೋ. ಮಧ್ಯಾಹ್ನ ಹೊಗೆ ಕಂಡಿತು. ನಾಲ್ಕು ಗಂಟೆ ದಾಟುತ್ತಲೇ ಹಡಗು ಸಿಡಿಯಿತು. ಬೆಂಕಿ ಆರಿಸಲು ಹೋದವರಲ್ಲಿ 66 ಮಂದಿ ಸತ್ತರು. ಡಾಕಿನ ಕೂಲಿಗಳು, ಸುತ್ತಲ ಬಡವರು ನೂರಾರು ಜನ ಸತ್ತರು. ಆ 66 ಮಂದಿಯ ನೆನಪಿಗೆ ಇಡೀ ದೇಶದಲ್ಲಿ ಆ ದಿನ ಅಗ್ನಿಶಾಮಕ ಸೇವಾ ದಿನ.

ಅವತ್ತು ಬಾಬಾಸಾಹೇಬರಿಗೆ 53 ತುಂಬಿತ್ತು. ಆಗ ಅವರು ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆಯ ಸದಸ್ಯರು. ಹುಟ್ಟಿದ ದಿನವೇ, ತಾವು ಬಾಳಿ ಹೋರಾಡಿದ ಊರಿನಲ್ಲೇ ದುಡಿಯುವವರ ಹೆಣಗಳ ರಾಶಿ. ಈ ಎರಡು ದಿನಗಳು ಒಂದೇ ದಿನವಾಗಿರುವುದು ಬರೀ ಕ್ಯಾಲೆಂಡರಿನ ಆಟ ಅಂತ ನೀವು ಅನ್ನಬಹುದು. ಇರಲಿ. ಆದರೆ ನಮಗೆ ಅದು ಮರೆಯೋಕೆ ಆಗುತ್ತಿಲ್ಲ.

ಇದನ್ನೆಲ್ಲ ನಮ್ಮ ತಲೆಗೆ ಹಾಕಿದವರು ನಮ್ಮ ಹಾಗೇ ಹಾಸ್ಟೆಲಿನಲ್ಲಿ ತಟ್ಟೆ ಹಿಡಿದು ಓದಿ ಹೋದ ಒಬ್ಬ ಅಣ್ಣ. ಈಗ ಜಿಲ್ಲೆಯ ಒಂದು ಠಾಣೆಯಲ್ಲಿ ಅಗ್ನಿಶಾಮಕ. ಹೆಸರು ಬೇಡ ಕಣ್ರಪ್ಪ ಅಂದಿದ್ದಾರೆ, ಬರೆಯುವುದಿಲ್ಲ. ಚಾ ಅಂಗಡಿಯ ಹಿಂದೆ ಕೂತು ಎರಡು ಗಂಟೆ ಮಾತಾಡಿದರು. ನಡುವೆ ಮೂರು ಸಲ ಫೋನು ಬಂತು, ಮೂರು ಸಲವೂ ಎದ್ದು ನಿಂತರು.

ಅವರ ಕೆಲಸ ಅಂದರೆ ನಾವು ಸಿನಿಮಾದಲ್ಲಿ ನೋಡಿದ್ದೇ ಅಂದುಕೊಂಡಿದ್ದೆವು, ಏಣಿ, ಮಹಡಿ, ಗಂಟೆ. ಅಲ್ಲ. ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಹುಲ್ಲಿನ ಬಣವೆ ಉರಿಯುತ್ತದೆ, ರಾಗಿ ಮೆದೆ ಉರಿಯುತ್ತದೆ. ತೆಂಗಿನ ನಾರಿನ ರಾಶಿಗೆ ಕಿಡಿ ಬಿದ್ದರೆ ಮೇಲೆ ಆರಿದ ಹಾಗೆ ಕಂಡರೂ ಒಳಗೊಳಗೇ ಉರಿಯುತ್ತಿರುತ್ತದೆ, ಕೆದಕಿ ಕೆದಕಿ ನೀರು ಹಾಕಬೇಕು. ಬೇಸಿಗೆಗೆ ದೇವರಾಯನದುರ್ಗದ ಕಾಡಿನ ಕಡೆ ಒಣಹುಲ್ಲು ಹತ್ತಿಕೊಳ್ಳುತ್ತದೆ, ಅಲ್ಲಿಗೆ ವಾಹನ ಹತ್ತುವುದಿಲ್ಲ, ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿಯಬೇಕು. ಪುಣೆ ರಸ್ತೆ, ಕುಣಿಗಲ್ಲಿನ ಮಂಗಳೂರು ರಸ್ತೆಗಳಲ್ಲಿ ಲಾರಿ ಮುಖ ಜಜ್ಜಿ ಹೋದರೆ ಒಳಗಿನ ಡ್ರೈವರನ್ನು ತಗಡು ಕತ್ತರಿಸಿ ಎಳೆಯಬೇಕು. ಕೆರೆಗೆ ಈಜಲು ಹೋದ ಹುಡುಗರನ್ನು ಹುಡುಕಬೇಕು. ಅದರಲ್ಲಿ ಕಾಲೇಜಿನ ಹುಡುಗರೂ ಇರುತ್ತಾರೆ, ನೆನಪಿಟ್ಟುಕೊಳ್ಳಿ.

ಒಂದು ಜಲವಾಹನದಲ್ಲಿ ಸಾಮಾನ್ಯವಾಗಿ 4500 ಲೀಟರ್ ನೀರು. ಪೈಪು ಪೂರ್ತಿ ಬಿಟ್ಟರೆ ಕೆಲವೇ ನಿಮಿಷ. ಆಮೇಲೆ ಕೆರೆ ಹುಡುಕಬೇಕು. ಕೆರೆ ಬತ್ತಿದ್ದರೆ? ತಾಲ್ಲೂಕಿನ ಮೂಲೆಯ ಹಳ್ಳಿಗೆ ಠಾಣೆಯಿಂದ ಹೋಗುವಷ್ಟರಲ್ಲಿ ಗುಡಿಸಲು ಬೂದಿಯಾಗಿರುತ್ತದೆ. ಜನ ಬೈತಾರೆ, ಕಲ್ಲು ತಗೊಳ್ತಾರೆ. "ನಮ್ಮೋರೇ ಬೈತಾರೆ ಕಣ್ರಪ್ಪ. ಬೈಸ್ಕೊಳ್ತೀವಿ. ಮನೆ ಸುಟ್ಟೋನ್ ಬಾಯಲ್ಲಿ ಇನ್ನೇನ್ ಬರ್ತದೆ?" ಅಂದರು. ಊರೊಳಗಿನ ಬೀದಿಗೆ ವಾಹನ ಸಲೀಸಾಗಿ ಹೋಗುತ್ತದೆ, ನಮ್ಮ ಹಟ್ಟಿಯ ಸಂದಿಗೆ ಹೋಗುವುದಿಲ್ಲ. ಊರಿನ ನಕ್ಷೆ ಬರೆದವನು ಬೆಂಕಿಗೂ ಜಾತಿ ಕೊಟ್ಟುಬಿಟ್ಟಿದ್ದಾನೆ.

ಇನ್ನೊಂದು ಮಾತು ಹೇಳಿದರು. ಒಂದು ಹಳ್ಳಿಯಿಂದ ಕರೆ ಬಂತು, ಬಾವಿಗೆ ಬಿದ್ದ ಹಸು. ಹೋಗಿ ನೋಡಿದರೆ ಚಿಕ್ಕಂದಿನಲ್ಲಿ ಅವರ ಅವ್ವ ದೂರ ನಿಂತು, ಬೇರೆಯವರು ಸೇದಿ ಮೇಲಿಂದ ಹುಯ್ಯಲಿ ಅಂತ ಕಾಯುತ್ತಿದ್ದ ಅದೇ ಬಾವಿ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಎದೆಮಟ್ಟ ನೀರಿನಲ್ಲಿ ನಿಂತು ಹಸುವಿನ ಹೊಟ್ಟೆಗೆ ಪಟ್ಟಿ ಬಿಗಿದರು. ಮೇಲೆ ಬಂದಾಗ ಕುಡಿಯಲು ನೀರು ಕೊಟ್ಟರಂತೆ, ಪ್ಲಾಸ್ಟಿಕ್ ಲೋಟದಲ್ಲಿ. ನಮಗೆ ರಕ್ತ ಕುದಿಯಿತು. ಅವರು ನಕ್ಕರು. "ಎಲ್ಲಾರ್‌ಗೂ ಪ್ಲಾಸ್ಟಿಕ್ ಲೋಟಾನೇ ಕೊಟ್ರು. ಅದ್ಕೇ ಇವತ್ತಿಗೂ ಗೊತ್ತಾಗಿಲ್ಲ ನಂಗೆ."

ಈಗ ವಿಷಯಕ್ಕೆ ಬರೋಣ. ಇಷ್ಟೆಲ್ಲ ಮಾಡುವವರಿಗೆ ತಮ್ಮ ಕಷ್ಟ ಹೇಳಿಕೊಳ್ಳಲು ಒಂದು ಸಂಘ ಬೇಡವೆ ಅಂತ ಕೇಳಿದೆವು. ಅಣ್ಣ ಅಕ್ಕಪಕ್ಕ ನೋಡಿದರು. ಹೊಟ್ಟೆ ಕೂಗಿಗೆ ದನಿ ಇಲ್ಲ ಅನ್ನುವ ಹಾಗೆ ಕೈ ತಿರುಗಿಸಿದರು. ಬೆಂಕಿಯೊಳಗೆ ನುಗ್ಗುವ ಗಂಡಸು ಒಂದು ಶಬ್ದಕ್ಕೆ ಹೆದರುವುದನ್ನು ನಾವು ಅಂದು ಕಂಡೆವು.

ನಮ್ಮ ರಾಜ್ಯದಲ್ಲಿ ಈ ಸೇವೆ 1964ರ ಅಗ್ನಿಶಾಮಕ ದಳದ ಕಾಯ್ದೆಯ ಕೆಳಗೆ ಬರುತ್ತದೆ, ಗೃಹ ಇಲಾಖೆಗೆ ಸೇರಿದ್ದು. ಪೊಲೀಸಿನ ಪಕ್ಕದ ಮನೆ. ಹಾಗಾಗಿ ಶಿಸ್ತು ಶಿಸ್ತು ಅನ್ನುತ್ತಾರೆ. ಬೊಂಬಾಯಿಯಲ್ಲಿ ಇದೇ ಕೆಲಸ ಮಾಡುವವರು ನಗರಪಾಲಿಕೆಯ ನೌಕರರು, ಅವರಿಗೆ ಯೂನಿಯನ್ ಇದೆ. ಅಲ್ಲಿ ಬೆಂಕಿ ಆರುತ್ತಿಲ್ಲವೆ? ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ 1918ರಲ್ಲೇ ಇವರ ಯೂನಿಯನ್ನುಗಳು ಹುಟ್ಟಿದವು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948ರ 87ನೇ ಒಡಂಬಡಿಕೆ ಸೈನ್ಯ ಮತ್ತು ಪೊಲೀಸರ ವಿಷಯ ಮಾತ್ರ ಆಯಾ ದೇಶಕ್ಕೆ ಬಿಡುತ್ತದೆ, ಬೆಂಕಿ ಆರಿಸುವವರನ್ನಲ್ಲ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಹೋಗಲಿ, ಹೊರಗಿನ ಕಾಗದ ಬೇಡ. ನಮ್ಮ ಸಂವಿಧಾನದ 19ನೇ ವಿಧಿ ಸಂಘ ಕಟ್ಟುವ ಹಕ್ಕು ಕೊಡುತ್ತದೆ. ಯಾರ ಹಕ್ಕನ್ನು ಪಾರ್ಲಿಮೆಂಟು ಮೊಟಕು ಮಾಡಬಹುದು ಅಂತ 33ನೇ ವಿಧಿ ಹೇಳುತ್ತದೆ: ಸೈನ್ಯ, ಸಾರ್ವಜನಿಕ ಶಾಂತಿ ಕಾಯುವ ಪಡೆಗಳು, ಗುಪ್ತಚರದವರು, ಇವರ ದೂರಸಂಪರ್ಕ ನೋಡಿಕೊಳ್ಳುವವರು. ಓದಿ ನೋಡಿ, ಬೆಂಕಿ ಆರಿಸುವವನ ಹೆಸರು ಅಲ್ಲಿಲ್ಲ. ಕಾನೂನು ಓದುತ್ತಿರುವ ಗೆಳೆಯರು ಇದನ್ನು ಕೈಗೆತ್ತಿಕೊಂಡು ಬರೆಯಬೇಕು.

ಸಂಘ ಅಂದಕೂಡಲೇ ಮುಷ್ಕರ ಅಂತ ಬೆದರಿಸುವವರು ಇದ್ದಾರೆ. ಮುಷ್ಕರ ಮಾಡಿದರೆ ಊರು ಸುಟ್ಟುಹೋಗುವುದಿಲ್ಲವೆ? ಪ್ರಶ್ನೆ ಸುಳ್ಳಲ್ಲ. 1977ರ ನವೆಂಬರಿನಲ್ಲಿ ಬ್ರಿಟನ್ನಿನವರು ಮುಷ್ಕರ ಹೂಡಿದಾಗ ಸೈನಿಕರು ಹಳೇ ವಾಹನ ಹೊರಡಿಸಿ ಬೆಂಕಿ ಆರಿಸಬೇಕಾಯಿತು. ಆದರೆ ಸಂಘ ಅಂದರೆ ಬರೀ ಕೆಲಸ ನಿಲ್ಲಿಸುವುದೆ? ಒಳ್ಳೆ ಬೂಟು, ಹೊಗೆ ತಡೆಯುವ ಮುಖವಾಡ, ಎಷ್ಟು ಗಂಟೆ ದುಡಿಮೆ ಎಷ್ಟು ಗಂಟೆ ನಿದ್ದೆ, ಸತ್ತರೆ ಹೆಂಡತಿ ಮಕ್ಕಳ ಗತಿ, ಇದನ್ನೆಲ್ಲ ಒಬ್ಬೊಬ್ಬನೇ ಸೆಲ್ಯೂಟು ಹೊಡೆದು ಕೇಳಬೇಕೆ? 1938ರಲ್ಲಿ ಬೊಂಬಾಯಿ ಸರ್ಕಾರ ಮುಷ್ಕರಕ್ಕೆ ಮೂಗುದಾರ ಹಾಕುವ ಮಸೂದೆ ತಂದಾಗ, ಮುಷ್ಕರವನ್ನು ಅಪರಾಧ ಮಾಡಿದರೆ ಕಾರ್ಮಿಕನನ್ನು ಗುಲಾಮ ಮಾಡಿದ ಹಾಗೆ ಅಂತ ಶಾಸನಸಭೆಯಲ್ಲಿ ನಿಂತು ವಾದಿಸಿದವರು ಯಾರು? ನವೆಂಬರ್ 7ಕ್ಕೆ ಕಮ್ಯುನಿಸ್ಟರ ಜೊತೆ ಸೇರಿ ಬೊಂಬಾಯಿಯ ಮಿಲ್ಲುಗಳನ್ನು ಒಂದು ದಿನ ನಿಲ್ಲಿಸಿದವರು ಯಾರು? ನಾವು ಹಾರ ಹಾಕುವ ಪಟದಲ್ಲಿ ಇರುವವರೇ. ಪಟಕ್ಕೆ ಹಾರ ಹಾಕುವ ಮಂತ್ರಿಗಳು ಈ ಪುಟ ತೆರೆಯುವುದಿಲ್ಲ.

ನಮಗೇಕೆ ಇವರ ಚಿಂತೆ ಅಂತ ಒಬ್ಬ ಗೆಳೆಯ ಕೇಳಿದ. ಬೆಂಕಿ ನಮ್ಮ ಚರಿತ್ರೆಯೊಳಗೇ ಇದೆಯಲ್ಲ. 1968ರ ಡಿಸೆಂಬರಿನಲ್ಲಿ ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ ಒಂದೇ ಗುಡಿಸಲಿನಲ್ಲಿ 44 ಜೀವ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ. 2006ರಲ್ಲಿ ಆರೋಪಿಗಳ ಬಿಡುಗಡೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನರನ್ನು ಹಾಗಾದರೆ ಯಾರೂ ಸುಡಲೇ ಇಲ್ಲ. ಅದೇ 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟಿನಿಂದ ಹೆಚ್ಚಿನವರಿಗೆ ಜಾಮೀನು ಸಿಕ್ಕಿತು. ಇಂಥ ಬೆಂಕಿಯನ್ನು ಯಾವ ಜಲವಾಹನವೂ ಆರಿಸಲಾರದು, ನಿಜ. ಆದರೆ ಹಚ್ಚುವ ಕೈಯನ್ನೂ ಆರಿಸುವ ಕೈಯನ್ನೂ ಒಂದೇ ಖಾಕಿ ಕಣ್ಣಲ್ಲಿ ನೋಡುವುದನ್ನು ನಾವು ಬಿಡಬೇಕು. ಅಣ್ಣ ಹೇಳಿದರು, ಸುಟ್ಟ ಹಟ್ಟಿಗೆ ಹೋದಾಗ ಮೊದಲು ಹುಡುಕುವುದು ಬಾಗಿಲಿನ ಚಿಲಕ ಒಳಗಿತ್ತೋ ಹೊರಗಿತ್ತೋ ಅಂತ.

ಚಿಲಕದ ಮಾತಿಗೆ ನಮ್ಮ ಹಾಸ್ಟೆಲುಗಳೂ ನೆನಪಾದವು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಚಾವಣಿಯ ಗರಿಗೆ ಹತ್ತಿ 94 ಮಕ್ಕಳು ಸತ್ತರು. ನಿಮ್ಮ ಹಾಸ್ಟೆಲಿನ ಅಡುಗೆಮನೆಗೂ ಮಲಗುವ ಕೋಣೆಗೂ ಎಷ್ಟು ಗೋಡೆ? ರಾತ್ರಿ ಗೇಟಿನ ಬೀಗದ ಕೈ ಯಾರ ಹತ್ತಿರ? ಗೋಡೆಗೆ ತಗುಲಿಹಾಕಿದ ಕೆಂಪು ಡಬ್ಬಿಯ ಮೇಲೆ ಯಾವ ವರ್ಷ ಬರೆದಿದೆ? ಇವತ್ತೇ ಎದ್ದು ಹೋಗಿ ನೋಡಿ ಬರೆದುಕೊಳ್ಳಿ.

ಈ ಸಲ ಏಪ್ರಿಲ್ 14ಕ್ಕೆ ಹೀಗೆ ಮಾಡೋಣ. ಪಟಕ್ಕೆ ಹಾರ ಹಾಕಿದ ಮೇಲೆ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆಯ ಹಾಸ್ಟೆಲಿನವರು ತಮ್ಮ ತಮ್ಮ ಊರಿನ ಠಾಣೆಗೆ ನಡೆದು ಹೋಗುವುದು. ಅವರ 66 ಮಂದಿಗೆ ನಾವೂ ನಿಲ್ಲುವುದು. ಬರೆದುಕೊಂಡ ಹಾಸ್ಟೆಲಿನ ಪಟ್ಟಿಯನ್ನು ಠಾಣಾಧಿಕಾರಿಗೆ ಕೊಟ್ಟು, ಒಂದು ದಿನ ಬಂದು ನೋಡಿ ಅಂತ ಕೇಳುವುದು. ಸಂಘದ ಹಕ್ಕಿನ ಮನವಿಗೆ ನಾವು ಸಹಿ ಹಾಕೋಣ, ಅವರ ಸಹಿ ಕೇಳುವುದು ಬೇಡ, ಅವರ ಅನ್ನಕ್ಕೆ ಕಲ್ಲು ಹಾಕಿದಂತಾಗುತ್ತದೆ. ಘೋಷಣೆ ಗೇಟಿನ ಹೊರಗೇ ಇರಲಿ. ವಾಹನ ಹೊರಡುವ ದಾರಿಗೆ ಅಡ್ಡ ಯಾರೂ ನಿಲ್ಲಬೇಡಿ. ಪಾಯಸ ಮಾಡುವವರು ಈ ಸಲ ಒಂದು ದೊಡ್ಡ ಕ್ಯಾರಿಯರ್ ಹೆಚ್ಚಿಗೆ ತುಂಬಿಸಿ, ಲೋಟಗಳು ಸ್ಟೀಲಿನವೇ ಆಗಿರಲಿ.