ಟ್ಯಾಂಕರ್ ಹಡಗು, ಟಗ್ಗು-ಬಾರ್ಜು: ಆಳು ಕಡಿಮೆಯಾದರೆ ಕೆಲಸ ಎಲ್ಲಿ ಹೋಯಿತು?



ಕಳೆದ ಕ್ರಿಸ್‌ಮಸ್ ಹಬ್ಬಕ್ಕೆ ತೋಟಗಳಿಂದ ಊರಿಗೆ ಬಂದವರೆಲ್ಲ ಮಡಕಶಿರಾದಲ್ಲಿ ಸೇರಿದ್ದಾಗ ಒಂದು ವಾದ ಎದ್ದಿತು. ನಮ್ಮವರೇ ಒಬ್ಬರ ಮಗ ಎಣ್ಣೆ ಸಾಗಿಸುವ ಟ್ಯಾಂಕರ್ ಹಡಗಿನಲ್ಲಿ ಡೆಕ್ಕಿನ ಕೆಲಸಗಾರ. ರಜೆಯ ಮೇಲೆ ಬಂದಿದ್ದ. "ಅಮೆರಿಕದ ಕಡೆ ಟಗ್ಗು-ಬಾರ್ಜು ಅಂತ ಇದೆ ಮಾವ. ನಮ್ಮ ಹಡಗಲ್ಲಿ ಇಪ್ಪತ್ತಕ್ಕೂ ಮೇಲೆ ಜನ ಮಾಡೋ ಕೆಲಸಾನ ಅಲ್ಲಿ ಹತ್ತು ಜನ ಮಾಡಿ ಮುಗಿಸ್ತಾರೆ" ಎಂದ. ಒಂದು ತೋಟದಲ್ಲಿ ರೈಟರ್ ಆಗಿರುವ ಹಿರಿಯರೊಬ್ಬರು ಕೂಡಲೇ, "ಕೇಳಿದಿರಾ ಉಪದೇಶಿಗಳೇ? ಸಮುದ್ರದ ಮೇಲೇ ಹಾಗಿರುವಾಗ, ತೋಟದ ಚೆಕ್‌ರೋಲಿನಿಂದ ನಾಲ್ಕು ಹೆಸರು ತೆಗೆದರೆ ನಿಮ್ಮ ಯೂನಿಯನ್ ಯಾಕೆ ಕೂಗಬೇಕು?" ಎಂದರು. ನಾನು ಉತ್ತರ ಶುರು ಮಾಡುವಷ್ಟರಲ್ಲಿ ಊಟಕ್ಕೆ ಕರೆದರು. ಉಳಿದ ಉತ್ತರ ಇಲ್ಲಿದೆ.

ಬೇಸಿಗೆಯಲ್ಲಿ ರಾಯದುರ್ಗದ ಸೀಮೆಯಲ್ಲಿ ನೀರಿನ ಟ್ಯಾಂಕರನ್ನು ಕಾಯದವರು ನಮ್ಮಲ್ಲಿ ಯಾರಿದ್ದಾರೆ? ಅದರಲ್ಲಿ ಎರಡು ಬಗೆ. ಲಾರಿಯ ಮೇಲೇ ಕೂರಿಸಿದ ಟ್ಯಾಂಕಿ ಒಂದು, ಟ್ರ್ಯಾಕ್ಟರಿಗೆ ಕೊಂಡಿ ಹಾಕಿದ ಟ್ಯಾಂಕಿ ಇನ್ನೊಂದು. ಟ್ಯಾಂಕರ್ ಹಡಗು ಲಾರಿಯ ಹಾಗೆ, ಇಂಜಿನ್ನೂ ಎಣ್ಣೆಯೂ ಒಂದೇ ಒಡಲಲ್ಲಿ. ಟಗ್ಗು-ಬಾರ್ಜು ಟ್ರ್ಯಾಕ್ಟರಿನ ಹಾಗೆ, ಆದರೆ ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಬಾರ್ಜಿನ ಹಿಂಬದಿಯ ಕಚ್ಚಿನೊಳಗೆ ಟಗ್ಗು ಮೂತಿ ತೂರಿಸಿ, ಎಡಕ್ಕೂ ಬಲಕ್ಕೂ ದಪ್ಪ ಉಕ್ಕಿನ ಪಿನ್ನು ಚಾಚಿ ಹಿಡಿದುಕೊಳ್ಳುತ್ತದೆ. ಅಲೆ ಬಂದಾಗ ಆ ಪಿನ್ನುಗಳ ಮೇಲೆ ಟಗ್ಗು ಏತದಂತೆ ಏಳುತ್ತ ಇಳಿಯುತ್ತ ಸಾಗುತ್ತದೆ.

ಅದರ ಲಾಭಗಳನ್ನು ಮುಚ್ಚಿಡುವುದಿಲ್ಲ. ಕಟ್ಟಿಸಲು ಖರ್ಚು ಕಡಿಮೆ. ಟಗ್ಗಿನ ಇಂಜಿನ್ ಕೆಟ್ಟರೆ ಬೇರೆ ಟಗ್ಗು ಹೂಡಬಹುದು. ಬಾರ್ಜು ಎಣ್ಣೆ ತುಂಬಿಸಿಕೊಳ್ಳುವಾಗ ಟಗ್ಗು ಬೇರೆ ಕೆಲಸಕ್ಕೆ ಹೋಗಬಹುದು. ಹೋಗಬಹುದು ಅಷ್ಟೆ, ನಿಜದಲ್ಲಿ ಹೆಚ್ಚಿನವು ವರ್ಷವಿಡೀ ಜೋಡಿಯಾಗಿಯೇ ಓಡುತ್ತವೆ. ಟ್ಯಾಂಕರಿಗಿಂತ ನಿಧಾನವೂ ಹೌದು.

ಹಾಗಾದರೆ ಆಳು ಹೇಗೆ ಕಡಿಮೆಯಾದರು? ಯಂತ್ರ ಬಂದದ್ದರಿಂದ ಎಂದು ರೈಟರ್ ಹೇಳಿದರು. ಸ್ವಲ್ಪ ಮಟ್ಟಿಗೆ ನಿಜ. ಆದರೆ ಮುಖ್ಯ ಕಾರಣ ಕಾಗದದಲ್ಲಿದೆ. 1981ರಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆ ಒಂದು ಸುತ್ತೋಲೆ ಹೊರಡಿಸಿತು. ಎರಡೂ ಬಿಗಿಯಾಗಿ ಬೆಸೆದುಕೊಂಡು ಸಮುದ್ರದಲ್ಲಿ ಬೇರ್ಪಡಲಾರದ ಜೋಡಿಯಾದರೆ ಅದಕ್ಕೆ ಹಡಗಿನ ನಿಯಮ. ಬಿಡಿಸಿಕೊಂಡು ಹಗ್ಗ ಕಟ್ಟಿ ಎಳೆಯಬಲ್ಲದ್ದಾದರೆ ಟಗ್ಗು ಬೇರೆ, ಬಾರ್ಜು ಬೇರೆ. ಬಾರ್ಜಿಗೆ ಸ್ವಂತ ಇಂಜಿನ್ ಇಲ್ಲವಾದ್ದರಿಂದ ಅದರಲ್ಲಿ ಜನ ವಾಸವಿರಬೇಕಿಲ್ಲ. ಟಗ್ಗಿನ ಗಾತ್ರ ನೋಡಿ ಆಳು ಲೆಕ್ಕ. ಮುಂದೆ ತಳ್ಳುತ್ತಿರುವ ಬಾರ್ಜು 3 ಲಕ್ಷ ಪೀಪಾಯಿ ಹಿಡಿಯುವುದಾದರೂ, ಅಂದರೆ ಮಧ್ಯಮ ಟ್ಯಾಂಕರ್ ಹಡಗಿಗೆ ಸಮವಾದರೂ, ಲೆಕ್ಕ ಟಗ್ಗಿನದೇ. ಟ್ರ್ಯಾಕ್ಟರನ್ನು ಮಾತ್ರ ತೂಗಿ, ಹಿಂದಿನ ಟ್ಯಾಂಕಿಯನ್ನು ತಕ್ಕಡಿಯ ಹೊರಗೆ ಬಿಟ್ಟಂತಾಯಿತು!

ಆ ಬಾರ್ಜಿನ ಮೇಲೆ ಏನಿದೆ ಎಂದು ಹುಡುಗನನ್ನೇ ಕೇಳಿದೆ. ಪಂಪುಗಳು, ಪಂಪು ಓಡಿಸುವ ಇಂಜಿನ್ನುಗಳು, ಜನರೇಟರ್, ವಾಲ್ವುಗಳು, ಲಂಗರು, ಮೈಲುದ್ದದ ಪೈಪು. ಟ್ಯಾಂಕರಿನ ಡೆಕ್ಕಿನಲ್ಲಿ ಇವನ್ನು ನೋಡಲೆಂದೇ ಪಂಪ್‌ಮ್ಯಾನ್ ಇರುತ್ತಾನೆ, ಬೋಸನ್ ಇರುತ್ತಾನೆ, ತುಕ್ಕು ಕೆರೆದು ಬಣ್ಣ ಹಚ್ಚಲು ಇವನಂಥ ಹುಡುಗರಿರುತ್ತಾರೆ. ಬಾರ್ಜಿನಲ್ಲಿ ಅದೇ ವಾಲ್ವು, ಅದೇ ಉಪ್ಪುಗಾಳಿ, ಅದೇ ತುಕ್ಕು. ನೋಡಬೇಕಾದವನು ಟಗ್ಗಿನಿಂದ ಏಣಿ ಹತ್ತಿ ಹೋಗಬೇಕು. ಇದರ ಮೇಲೆ ಆ ಪಿನ್ನುಗಳ ಸವೆತ ನೋಡುವ ಹೊಸ ಕೆಲಸ ಬೇರೆ.

ಈಗ ನಿದ್ದೆಯ ವಿಚಾರ. ಟ್ಯಾಂಕರಿನಲ್ಲಿ ಸಾಮಾನ್ಯವಾಗಿ ಮೂರು ಪಾಳಿ, ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು. ಟಗ್ಗಿನಲ್ಲಿ ಹೆಚ್ಚಾಗಿ ಎರಡೇ ಪಾಳಿ, ಆರು ಗಂಟೆ ಕೆಲಸ, ಆರು ಗಂಟೆ ಬಿಡುವು. 2006ರ ಕಡಲ ಕಾರ್ಮಿಕ ಒಪ್ಪಂದಕ್ಕೆ ನಮ್ಮ ದೇಶ 2015ರಲ್ಲಿ ಸೇರಿತು. ಅದರ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಬೇಕು. ಆರು-ಆರರ ಪಾಳಿ ಈ ಪರೀಕ್ಷೆಯಲ್ಲೂ ಪಾಸು! ದಿನಕ್ಕೆ 12 ಗಂಟೆ ಬಿಡುವು ಸಿಕ್ಕಿತಲ್ಲ! ಆದರೆ ಆ ಆರು ಗಂಟೆಯಲ್ಲೇ ಉಣ್ಣಬೇಕು, ಮೀಯಬೇಕು, ಬಟ್ಟೆ ಒಗೆಯಬೇಕು. ನಿದ್ದೆಗೆ ಎಷ್ಟು ಉಳಿಯಿತು? ನಸುಕಿನಲ್ಲೆದ್ದು ಅಡಿಗೆ ಮಾಡಿಟ್ಟು ಕೊಯ್ಲಿಗೆ ಹೋಗುವ ನಮ್ಮ ತಾಯಂದಿರು ಈ ಲೆಕ್ಕವನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು.

2016ರ ಅಕ್ಟೋಬರ್ 13ರ ರಾತ್ರಿ, ಒಂದು ಗಂಟೆ ದಾಟಿದ ಮೇಲೆ, ನೇಥನ್ ಇ. ಸ್ಟುವರ್ಟ್ ಎಂಬ ಟಗ್ಗು ಖಾಲಿ ಬಾರ್ಜನ್ನು ತಳ್ಳುತ್ತ ಕೆನಡಾದ ಬೆಲ್ಲಾ ಬೆಲ್ಲಾ ಬಳಿ (ಊರಿನ ಹೆಸರೇ ಹಾಗೆ) ಬಂಡೆಗೆ ಬಡಿಯಿತು. ಇದ್ದವರು ಏಳೇ ಮಂದಿ. ಚುಕ್ಕಾಣಿಯ ಕೋಣೆಯಲ್ಲಿದ್ದ ಒಬ್ಬನೇ ಅಧಿಕಾರಿ ನಿದ್ದೆ ಹೋಗಿದ್ದ. ಲಕ್ಷ ಲೀಟರಿಗೂ ಹೆಚ್ಚು ಡೀಸೆಲ್ ಹೈಲ್ಟ್ಸುಕ್ ಮೂಲನಿವಾಸಿಗಳು ಚಿಪ್ಪು ಆಯುವ ನೀರಿಗೆ ಸೇರಿತು. ಯೋನನೂ ಹಡಗಿನಲ್ಲಿ ಮಲಗಿ ನಿದ್ದೆ ಹೋಗಿದ್ದವನೇ. ಆದರೆ ಅವನನ್ನು ಎಬ್ಬಿಸಲು ಒಬ್ಬ ನಾಯಕ ಇಳಿದು ಬಂದ. ಇಲ್ಲಿ ಎಬ್ಬಿಸುವವರಿರಲಿಲ್ಲ. ನಿದ್ದೆ ಹೋದವನನ್ನು ಬೈಯುವುದು ಸುಲಭ. ಎರಡನೆಯವನನ್ನು ಪಕ್ಕದಲ್ಲಿ ನಿಲ್ಲಿಸದವರನ್ನು ಯಾರು ಬೈಯುತ್ತಾರೆ?

ಮರುವರ್ಷ 2017ರ ಅಕ್ಟೋಬರ್ 20ರಂದು ಟೆಕ್ಸಾಸಿನ ಪೋರ್ಟ್ ಅರಾನ್ಸಸ್ ಎದುರು ಕಚ್ಚಾ ಎಣ್ಣೆ ತುಂಬಿದ ಇಂಥದೇ ಒಂದು ಬಾರ್ಜು ಸಿಡಿಯಿತು. ನಸುಕಿನಲ್ಲಿ ಹೊರಡುವ ಹೊತ್ತಿಗೆ ಅದರ ಮುಂಭಾಗದಲ್ಲಿದ್ದ ಇಬ್ಬರು ಕೆಲಸಗಾರರು ಸತ್ತರು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ ಹೇಳಿದ್ದು: ಒಳಗಿನ ತಡೆಗೋಡೆ ತುಕ್ಕು ತಿಂದು ತೂತಾಗಿತ್ತು, ಎಣ್ಣೆ ಸೋರಿ ಮುಂದಿನ ಖಾಲಿ ಕೋಣೆಯಲ್ಲಿ ಆವಿ ತುಂಬಿತ್ತು, ಸರಿಯಾದ ದುರಸ್ತಿ ವ್ಯವಸ್ಥೆಯೇ ಇರಲಿಲ್ಲ. ಟ್ಯಾಂಕರ್ ಹಡಗುಗಳು ಸಿಡಿದದ್ದಿಲ್ಲವೇ ಎಂದು ನೀವು ಕೇಳಬಹುದು. ಸಿಡಿದಿವೆ. ಅಲ್ಲೂ ಆಳು ಕಡಿಮೆ ಮಾಡುತ್ತಲೇ ಬಂದಿದ್ದಾರೆ. ನನ್ನ ತಕರಾರು ಪಿನ್ನಿನ ಮೇಲಲ್ಲ, ಮೂತಿಯ ಮೇಲಲ್ಲ, ಕೆಲಸವನ್ನು ಎಣಿಸದೆ ಆಳನ್ನು ಎಣಿಸುವ ಲೆಕ್ಕದ ಮೇಲೆ.

ಇನ್ನು ರೈಟರ್ ಅವರೇ, ನಿಮ್ಮ ತೋಟಕ್ಕೆ ಬರೋಣ. ಚೆಕ್‌ರೋಲಿನಿಂದ ಹೆಸರು ಹೋದ ಮೇಲೆ ಗಿಡಗಸಿ ನಿಂತಿತೇ? ಮರಗಸಿ ನಿಂತಿತೇ? ಕಳೆ ತಾನಾಗಿಯೇ ಒಣಗಿತೇ? ಕಂಟ್ರಾಕ್ಟಿನ ಜೀಪಿನಲ್ಲಿ ಬಂದವರು ಅದೇ ಕೆಲಸ ಮಾಡುತ್ತಿಲ್ಲವೇ? ಅವರೂ ನಮ್ಮ ಹಾಗೆ ಮಳೆ ಕಾಣದ ಸೀಮೆಯವರೇ. ಅವರ ಮೇಲೆ ನಮಗೆ ಸಿಟ್ಟಿಲ್ಲ. ಅವರ ಹೆಸರು ಯಾವ ಪುಸ್ತಕದಲ್ಲಿದೆ ಎಂಬುದೇ ನಮ್ಮ ಪ್ರಶ್ನೆ. ಲೈನ್ ಮನೆಯ ಹೆಂಚು ಒಡೆದು ಎರಡು ಮಳೆಗಾಲ ಕಳೆದರೂ "ಕಂಟ್ರಾಕ್ಟರ್ ಬರುತ್ತಾನೆ" ಎಂಬ ಉತ್ತರ ನಿಮ್ಮಿಂದಲೇ ಕೇಳಿದ್ದೇವೆ.

ಆ ಹುಡುಗ ಸದ್ಯದಲ್ಲೇ ಮತ್ತೆ ಹಡಗು ಹತ್ತುತ್ತಾನೆ. ಹಡಗು ಮಹಾನಿರ್ದೇಶನಾಲಯದ ಲೈಸೆನ್ಸ್ ಇರುವ ಏಜೆಂಟರ ಮೂಲಕವೇ ಹೋಗು, ರಾತ್ರಿ ಕಾವಲಿಗೆ ಎಷ್ಟು ಜನ ಎಂದು ಮೊದಲೇ ಕೇಳು, ವಿಶ್ರಾಂತಿಯ ಪುಸ್ತಕದಲ್ಲಿ ಮಲಗದ ಗಂಟೆಯನ್ನು ಮಲಗಿದೆನೆಂದು ಬರೆದು ರುಜು ಹಾಕಬೇಡ ಎಂದು ಅವನಿಗೆ ಹೇಳಿದ್ದೇನೆ. ತೋಟದವರು ಮುಂದಿನ ಸಭೆಗೆ ಬರುವಾಗ, ಐದು ವರ್ಷದ ಹಿಂದೆ ನಿಮ್ಮ ಲೈನಿನಲ್ಲಿ ಯಾರ ಯಾರ ಹೆಸರಿತ್ತು, ಯಾವ ಕೆಲಸಕ್ಕಿತ್ತು, ಆ ಕೆಲಸ ಈಗ ಯಾರು ಮಾಡುತ್ತಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದು ತನ್ನಿ. ಬರೆಯಲು ಬಾರದವರು ಬಾಯಲ್ಲಿ ಹೇಳಿ, ನಾನು ಬರೆದುಕೊಳ್ಳುತ್ತೇನೆ. ರೈಟರ್ ಅವರೂ ತಮ್ಮ ಪುಸ್ತಕದೊಂದಿಗೆ ಬರಲಿ.