ಮಾಗಿಯ ಬೆಳಗು, ರಾಗಿಯ ಗಂಜಿ

ಕಳೆದ ಪುಷ್ಯಮಾಸದ ಒಂದು ಬೆಳಗು. ಮೊದಲನೆಯ ಪಾಠದ ವೇಳೆಗೆ ನನ್ನ ವಿದ್ಯಾರ್ಥಿಯೊಬ್ಬ ತಲೆಯನ್ನು ಬೆಂಚಿಗೆ ಆನಿಸಿ ಕುಳಿತಿದ್ದ. ವಿಚಾರಿಸಲಾಗಿ, ಎದ್ದಾಗಿನಿಂದ ಏನನ್ನೂ ತಿಂದಿಲ್ಲವೆಂದು ತಿಳಿಯಿತು. ಗೋಧಿ ಅವನ ಕರುಳಿಗೆ ಒಗ್ಗದು. ಗೋಧಿ, ಜವೆಗೋಧಿಗಳಲ್ಲಿರುವ ಗ್ಲುಟೆನ್ ಎಂಬ ಜಿಗುಟು ಅಂಶವನ್ನು ಜೀವಮಾನವೆಲ್ಲ ವರ್ಜಿಸಬೇಕೆಂದು ವೈದ್ಯರು ವಿಧಿಸಿದ್ದಾರೆ. ವಿದ್ಯಾರ್ಥಿನಿಲಯದಲ್ಲಾದರೋ ಅಂದು ರವೆಯ ಉಪ್ಪಿಟ್ಟು, ಹಿಂದಿನ ದಿನ ಪೂರಿ.

“ಮನೆಯಲ್ಲಿ ಏನು ತಗೊಳ್ತೀಯಪ್ಪ?” ಎಂದೆ.

“ರಾಗಿ ಗಂಜಿ ಸಾರ್. ಅದನ್ನ ಇಲ್ಲಿ ಹೇಗೆ ಕೇಳೋದು?”

ಹುಡುಗ ಬೈರಕೂರಿನ ಕಡೆಯವನು. ನಾನೂ ಆ ಸೀಮೆಯವನೇ. ಮುಳಬಾಗಿಲಿನಿಂದಾಚೆ, ಆಂಧ್ರದ ಎಲ್ಲೆಗೆ ತಾಗಿದ ಆ ಊರುಗಳಲ್ಲಿ ನಾವು ಹಿಟ್ಟು ಎಂದರೂ ನೆರೆಯವರು ಸಂಗಟಿ ಎಂದರೂ ತಟ್ಟೆಗೆ ಬೀಳುವುದು ರಾಗಿಯೇ. ಗಂಜಿಯನ್ನು ಕೇಳಲು ನಾಚಿ ಹಸಿದು ಕುಳಿತವನನ್ನು ಕಂಡು ನನಗೆ ಮರುಕಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತು. ಸಿಟ್ಟು ಅವನ ಮೇಲಲ್ಲ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ವ್ಯಾಜ್ಯ ಹೂಡಿಸಿ, ಆರು ತಿಂಗಳು ಸೆರೆಯಲ್ಲಿಡಿಸಿ, ಕುಂದದೆ ಉಳಿದ ರಾಗಿಗೆ ರಾಘವನ ಹೆಸರನ್ನೇ ಕೊಡಿಸಿದರು. ಆ ತೀರ್ಪನ್ನು ಪರೀಕ್ಷೆಗೆ ಓದಿಸುವ ನಾವು ಊಟದ ಮನೆಯಲ್ಲಿ ಅದನ್ನು ಜಾರಿಗೆ ತಂದಿಲ್ಲ.

ಗಂಜಿಯೆಂದರೆ ಬಡತನದ ಪಾನೀಯವೆಂದು ಬಗೆದವರು ಅದನ್ನು ಸರಿಯಾಗಿ ಕಾಯಿಸಿದುದನ್ನು ಕುಡಿದಿರಲಾರರು. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಬೇಕು. ಬಿಸಿನೀರಿಗೆ ಒಣಹಿಟ್ಟನ್ನು ಸುರಿದವರು ಆಮೇಲೆ ಗಂಟು ಒಡೆಯುತ್ತ ಕೂರಬೇಕಾಗುತ್ತದೆ. ಕದಡಿದುದನ್ನು ಮರಳುವ ನೀರಿಗೆ ಹುಯ್ದು ಕೈಬಿಡದೆ ತಿರುವಬೇಕು. ಹಸಿವಾಸನೆ ಅಡಗಿ, ಬಣ್ಣ ಗಾಢವಾಗಿ, ಮೇಲೆ ಹೊಳಪು ಕಂಡಾಗ ಉಪ್ಪು. ಇಳಿಸಿ ತುಸು ಆರಿದ ಮೇಲೆ ಮಜ್ಜಿಗೆ, ಹೆಚ್ಚಿದ ಈರುಳ್ಳಿ. ಚಳಿ ಬಲವಾಗಿದ್ದರೆ ಹಾಲು, ಬೆಲ್ಲ. ಅವರೆಯ ಸೊಗಡಿನ ಕಾಲದಲ್ಲಿ ಕಾಳು ಕಲಸಿ ತಟ್ಟಿದ ರಾಗಿರೊಟ್ಟಿಯೂ ಜೊತೆಗಿದ್ದರೆ ನಾನು ಉಪ್ಪಿಟ್ಟಿನ ಹೆಸರನ್ನೂ ಎತ್ತೆನು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವುಂಟು. ಅಷ್ಟೇ ತೂಕದ ಹಾಲಿನಲ್ಲಿ ಅದರ ಅರ್ಧವೂ ಇಲ್ಲ.

ಎಚ್ಚರಿಕೆಯ ಮಾತೊಂದುಂಟು. ಗೋಧಿ ಬೀಸಿದ ಗಿರಣಿಯಲ್ಲಿಯೇ ರಾಗಿಯನ್ನು ಬೀಸಿದರೆ ಇಂಥವರಿಗೆ ಅದೂ ಅಪಾಯ. ಅಂಗಡಿಯ ಇಂಗಿನಲ್ಲಿ ಹಲವು ವೇಳೆ ಮೈದಾ ಬೆರೆತಿರುತ್ತದೆ. ಮಾಲ್ಟ್ ಎಂಬ ಶಬ್ದವೂ ಮೋಸಗಾರ: ಮೊಳಕೆ ಬರಿಸಿದ ರಾಗಿಯ ಮಾಲ್ಟ್ ನಿರಪಾಯ, ಡಬ್ಬಿಯಲ್ಲಿ ಬರುವ ಜವೆಗೋಧಿಯ ಮಾಲ್ಟ್ ಹಾಗಲ್ಲ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. 2024ರಲ್ಲಿ ನಮ್ಮ ಸರ್ಕಾರಿ ಶಾಲೆಗಳ ಮಕ್ಕಳಿಗೆ ಹಾಲಿನಲ್ಲಿ ರಾಗಿ ಮಾಲ್ಟ್ ಕೊಡುವ ಯೋಜನೆಯೂ ಬಂದಿತು. ಶಾಲೆಯ ಕಿರಿಯರಿಗೆ ಸಲ್ಲುವುದು ಕಾಲೇಜಿನ ವಿದ್ಯಾರ್ಥಿನಿಲಯಗಳಿಗೇಕೆ ಸಲ್ಲಬಾರದು? ಚಳಿಗಾಲದ ನಾಲ್ಕು ತಿಂಗಳು ಪ್ರತಿದಿನವೂ ಒಂದು ಹಂಡೆ ಗಂಜಿ ಎಲ್ಲರಿಗೂ ಇರಲಿ. ಒಬ್ಬನಿಗೇ ಬೇರೆ ಪಾತ್ರೆಯಿಟ್ಟರೆ ಅವನ ಸಂಕೋಚ ಇಮ್ಮಡಿಸೀತು.

ಇದನ್ನೇ ಹೇಳಲೆಂದು ಅಂದು ಮಧ್ಯಾಹ್ನ ಆ ಅಡಿಗೆಮನೆಗೆ ಹೋದೆ. ಅಡಿಗೆಯಾಕೆ ನಕ್ಕುಬಿಟ್ಟರು. “ಉಪ್ಪಿಟ್ಟು ಹುಡುಗರಿಗೆ ಸಾಮಿ. ನಾನು ದಿನಾ ಬೆಳಿಗ್ಗೆ ಕುಡಿಯೋದು ಗಂಜೀನೇ. ನಾಳೆಯಿಂದ ನೀರು ಜಾಸ್ತಿ ಇಡ್ತೀನಿ, ಕಳಿಸಿ.”