ಕಬರಸ್ತಾನದಿಂದ ಮರಳಿದ ಮೇಲೆ

ದುಡಿಯಲು ಹೋದವನು ಶವವಾಗಿ ಮರಳಿದಾಗ ನಮ್ಮ ಮೊಹಲ್ಲಾಗಳು ಸುಮ್ಮನಿರುವುದಿಲ್ಲ. ರಾಯಚೂರಿರಲಿ, ಮಾನ್ವಿ, ದೇವದುರ್ಗಗಳಿರಲಿ, ಕಫನ್ ತರುವವರು, ಗೋರಿ ತೋಡುವವರು, ಮೂರು ದಿನ ಅಡುಗೆ ಕಳುಹಿಸುವವರು ಕರೆಯದೆಯೇ ಬರುತ್ತಾರೆ. ಮೂತಾ ಯುದ್ಧದಲ್ಲಿ ಜಾಫರ್(ರ) ಹುತಾತ್ಮರಾದಾಗ ಅವರ ಮನೆಗೆ ಊಟ ಸಿದ್ಧಪಡಿಸಲು ಪ್ರವಾದಿವರ್ಯರು(ಸ) ತಿಳಿಸಿದ್ದರು. ಆ ಸುನ್ನತ್ ನಮ್ಮಲ್ಲಿ ಇನ್ನೂ ಜೀವಂತವಾಗಿದೆ. ಆದರೆ ನಾಲ್ಕನೆಯ ದಿನ ಆ ಮನೆಯ ಬಾಗಿಲು ತಟ್ಟುವವರು ಯಾರು?

ನಿಜವಾಗಿ, ಲೋಪ ಆರಂಭವಾಗುವುದು ದಫನಕ್ಕೂ ಮುಂಚೆ. ಮಯ್ಯಿತ್ತನ್ನು ತಡಮಾಡದೆ ಮಣ್ಣು ಮಾಡಬೇಕೆಂಬ ಕಾಳಜಿ ಸರಿಯಾದುದೇ. ಆದರೆ ಅದೇ ಅವಸರದಲ್ಲಿ, ಅಕ್ಕಿಗಿರಣಿಯ ಬೆಲ್ಟಿಗೆ ಸಿಕ್ಕು ಸತ್ತವನನ್ನೂ ಠಾಣೆಗೆ ತಿಳಿಸದೆ, ಮರಣೋತ್ತರ ಪರೀಕ್ಷೆಯಿಲ್ಲದೆ ಹೂಳಿದರೆ ಅವನು ಕೆಲಸದ ವೇಳೆ ಸತ್ತನೆಂಬ ಪುರಾವೆಯೂ ಅವನೊಂದಿಗೇ ಮಣ್ಣಾಗುತ್ತದೆ. ‘ಮಗನ ಮೈ ಕೊಯ್ಯಿಸಬೇಡಿ’ ಎಂದು ಅಳುವ ತಾಯಿಯನ್ನು ಸಂತೈಸಿ, ಶವಾಗಾರದ ಬಾಗಿಲಲ್ಲಿ ಕಾಯುವುದೂ ಸೇವೆಯೇ. ಅಂದಿನ ಸೇವೆಗಳಲ್ಲೆಲ್ಲ ಅದೇ ಕಠಿಣವಾದುದೆಂದು ನನ್ನ ಭಾವನೆ.

ಆ ಬಳಿಕ ಬಾಂಡ್ ಪೇಪರ್ ಬರುತ್ತದೆ. ಐವತ್ತು ಸಾವಿರವೋ ಲಕ್ಷವೋ ಕೈಗಿಟ್ಟು, ಇನ್ನಾವ ತಕರಾರೂ ಇಲ್ಲವೆಂದು ಹೆಬ್ಬೆಟ್ಟು ಒತ್ತಿಸಿಕೊಳ್ಳಲಾಗುತ್ತದೆ. ದುರಂತವೆಂದರೆ, ಈ ರಾಜಿಗೆ ಕೂರುವವರು ಹಲವೊಮ್ಮೆ ನಮ್ಮ ಹಿರಿಯರೇ! 1923ರ ಪರಿಹಾರ ಕಾಯ್ದೆ ಇದನ್ನು ಒಪ್ಪುತ್ತಿರಲಿಲ್ಲ. ಸಾವಿನ ಪರಿಹಾರವನ್ನು ಮಾಲೀಕನು ಆಯುಕ್ತರ ಬಳಿ ಠೇವಣಿ ಇಡಬೇಕಿತ್ತು. ಗುತ್ತಿಗೆದಾರನ ಆಳೆಂದು ಹೇಳಿ ಜಾರಿಕೊಳ್ಳುವಂತಿರಲಿಲ್ಲ. 2020ರಲ್ಲಿ ನಿಗದಿಯಾದ ಸಂಬಳದ ಮಿತಿಯ ಪ್ರಕಾರ, ತಿಂಗಳಿಗೆ 15,000 ರೂ. ದುಡಿಯುತ್ತಿದ್ದ 30ರ ಯುವಕನ ಕುಟುಂಬಕ್ಕೆ 15,59,850 ರೂ. ಸಲ್ಲಬೇಕಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಸ್ಥಾನಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅರ್ಧ ಸಂಬಳವನ್ನು ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸುವ ಕ್ರಮ ಅದರಲ್ಲೂ ಉಳಿದಿದೆ. ಲಕ್ಷ ರೂಪಾಯಿಗೆ ಹೆಬ್ಬೆಟ್ಟು ಒತ್ತಿಸಿದವರು ಏನನ್ನು ಕಳೆದರೆಂದು ಅವರೇ ಲೆಕ್ಕ ಹಾಕಲಿ.

ವಿಧವೆ ಇದ್ದತ್‌ನಲ್ಲಿರುತ್ತಾಳೆ, ನಾಲ್ಕು ತಿಂಗಳು ಹತ್ತು ದಿನ. ಅಗತ್ಯ ಕಾರ್ಯಕ್ಕೆ ಹಗಲಿನಲ್ಲಿ ಹೊರಹೋಗಲು ಹನಫಿ ಫಿಕ್‌ಹ್‌ನಲ್ಲಿ ಅವಕಾಶವಿದೆಯೆಂದು ಆಕೆಗೆ ಹೇಳುವವರಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಫೋನ್ ಬದಲಿಸಿರುತ್ತಾನೆ, ಹಾಜರಿ ಪುಸ್ತಕ ಕಾಣೆಯಾಗಿರುತ್ತದೆ. ಆಧಾರ್‌ನಲ್ಲಿ ‘ಬೇಗಂ’, ಪಡಿತರ ಚೀಟಿಯಲ್ಲಿ ‘ಬೀ’ ಎಂದಿದ್ದರೆ ಅದನ್ನು ಸರಿಪಡಿಸಲು ಇನ್ನಷ್ಟು ಅಲೆದಾಟ.

ಈ ಅಲೆದಾಟಕ್ಕೆ ಜಾತಿ ಧರ್ಮಗಳ ಭೇದವಿಲ್ಲ. 2022ರ ಆಗಸ್ಟ್ 25ರಂದು ಬೆಂಗಳೂರಿಗೆ ಗುಳೆ ಹೊರಟಿದ್ದ ನಮ್ಮ ಜಿಲ್ಲೆಯ ಕೂಲಿಕಾರರ ಕ್ರೂಸರ್ ವಾಹನ ಶಿರಾ ಬಳಿ ಲಾರಿಗೆ ಡಿಕ್ಕಿಯಾಗಿ 9 ಮಂದಿ ಅಸುನೀಗಿದರು. ಪ್ರಧಾನಮಂತ್ರಿ ಪರಿಹಾರ ನಿಧಿಯಿಂದ ತಲಾ 2 ಲಕ್ಷ ರೂ. ಘೋಷಣೆಯಾಯಿತು. ಅಂತಹ ಘೋಷಣೆ, ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಹೂಡಬೇಕಾದ ದಾವೆಗೆ ಬದಲಿಯಲ್ಲವೆಂದು ಎಷ್ಟು ಕುಟುಂಬಗಳಿಗೆ ಗೊತ್ತು? ನಮ್ಮ ಯುವಕರು ಮೊಹಲ್ಲಾದ ಗಡಿ ದಾಟಿ ಆ ಮನೆಗಳಿಗೂ ಹೋಗಬೇಕು.

ವಕೀಲರ ಶುಲ್ಕವೆಂದು ಹೆದರಬೇಕಾಗಿಲ್ಲ. ಆದಾಯವೆಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತ ನೆರವು ಪಡೆಯುವ ಹಕ್ಕಿದೆ. ಸಾರಿಗೆ ಬಸ್ಸೂ ಅವರಿಗೆ ಉಚಿತವೇ. ದೇವದುರ್ಗದಿಂದ ರಾಯಚೂರಿಗೆ ಆಕೆಯ ಜೊತೆ ಹೋಗುವವನ ಒಂದು ದಿನದ ಕೂಲಿ ಮಾತ್ರ ತಪ್ಪುತ್ತದೆ. ಅದನ್ನು ಮಸೀದಿ ಕಮಿಟಿ ಭರಿಸಲಿ. ಕಾಗದಪತ್ರ ಬಲ್ಲ ಇಬ್ಬರು ಯುವಕರು, ವಿಧವೆಯ ಪಕ್ಕದಲ್ಲಿ ಕೂತು ಆಕೆಯ ಮಾತು ಕೇಳಬಲ್ಲ ಒಬ್ಬ ಸಹೋದರಿ, ಇಷ್ಟು ಜನರನ್ನು ಮುಂದಿನ ಜುಮಾದ ಬಳಿಕವೇ ಗುರುತಿಸಬಹುದು.